₹1,750ರ ಭತ್ತ ಜಿನೀವಾದಲ್ಲಿ ಶೇ 11.46 ಆದದ್ದು ಹೇಗೆ? ಕೃಷಿ ಅರ್ಥಶಾಸ್ತ್ರಜ್ಞರ ಲೆಕ್ಕದ ಒಳಗುಟ್ಟು

2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಅನೇಕ ಸರಕುಗಳ ಮೇಲಿನ ಸುಂಕವನ್ನು ಶೇ 50ಕ್ಕೆ ಏರಿಸಿತು. ಅಲ್ಲಿಯವರೆಗೆ ವಾಣಿಜ್ಯ ಪುಟದ ಮೂಲೆಯಲ್ಲಿದ್ದ ಮಾತುಗಳೆಲ್ಲ ಆಗ ಮುಖಪುಟಕ್ಕೆ ಬಂದವು. ಆಮದು ಸುಂಕ, ಸಬ್ಸಿಡಿ ಮಿತಿ, ಬೆಂಬಲ ಬೆಲೆ, ಡಬ್ಲ್ಯುಟಿಒ (ಜಿನೀವಾದಲ್ಲಿರುವ ವಿಶ್ವ ವ್ಯಾಪಾರ ಸಂಸ್ಥೆ). ಟಿವಿ ಚರ್ಚೆಯಲ್ಲಿ ಒಬ್ಬರು ಭಾರತ ತನ್ನ ರೈತರಿಗೆ ವಿಪರೀತ ಸಬ್ಸಿಡಿ ಕೊಡುತ್ತದೆ ಎನ್ನುತ್ತಾರೆ. ಇನ್ನೊಬ್ಬರು ನಮ್ಮ ರೈತನಿಗೆ ಸಿಗಬೇಕಾದ ಬೆಲೆಯೇ ಸಿಗುತ್ತಿಲ್ಲ ಎನ್ನುತ್ತಾರೆ. ಇಬ್ಬರ ಕೈಯಲ್ಲೂ ಅಂಕಿ ಅಂಶ ಇರುತ್ತದೆ, ಎರಡೂ ಅಧಿಕೃತ ದಾಖಲೆಗಳಿಂದಲೇ ಬಂದವು.

ಒಂದೇ ದೇಶದ ಒಂದೇ ಬೆಳೆಗೆ ಇಷ್ಟು ದೂರದ ಎರಡು ಉತ್ತರ ಬರುವುದು ಹೇಗೆ? ಇದನ್ನು ಬಿಡಿಸುವುದೇ ಕೃಷಿ ಅರ್ಥಶಾಸ್ತ್ರದೊಳಗಿನ ಅಂತರರಾಷ್ಟ್ರೀಯ ವ್ಯಾಪಾರ ನೀತಿ ಎಂಬ ವಿಭಾಗದ ಕೆಲಸ. ಈ ವಿದ್ಯೆ ಏನು ಮಾಡುತ್ತದೆ ಎಂದು ತಿಳಿಯಲು ಒಂದು ಅಂಕಿಯ ಬೆನ್ನು ಹತ್ತಿ ಹೋಗುವುದು ಒಳ್ಳೆಯ ದಾರಿ. 2018-19ರ ಭತ್ತವನ್ನೇ ತೆಗೆದುಕೊಳ್ಳೋಣ.

ಲೆಕ್ಕ ಶುರುವಾಗುವುದು ಗದ್ದೆಯ ಬದುವಿನಲ್ಲಿ

ಕೇಂದ್ರ ಸರ್ಕಾರ 1970-71ರಿಂದ ಸಾಗುವಳಿ ವೆಚ್ಚ ಅಧ್ಯಯನದ ಸಮಗ್ರ ಯೋಜನೆಯೊಂದನ್ನು ನಡೆಸುತ್ತಿದೆ. ಹೆಚ್ಚಿನ ರಾಜ್ಯಗಳಲ್ಲಿ ಇದನ್ನು ಮಾಡುವುದು ಕೃಷಿ ವಿಶ್ವವಿದ್ಯಾಲಯಗಳ ಕೃಷಿ ಅರ್ಥಶಾಸ್ತ್ರ ವಿಭಾಗ. ಮೊದಲು ತಾಲ್ಲೂಕು ಆರಿಸುತ್ತಾರೆ, ಆಮೇಲೆ ಅದರೊಳಗೆ ಒಂದು ಊರಗುಂಪು, ಅಲ್ಲಿ 10 ಹಿಡುವಳಿ. ಒಂದು ಹೆಕ್ಟೇರಿಗಿಂತ ಕಡಿಮೆ ಇರುವವರಿಂದ ಹಿಡಿದು ಆರು ಹೆಕ್ಟೇರಿಗಿಂತ ಹೆಚ್ಚು ಇರುವವರವರೆಗೆ ಐದು ವರ್ಗ ಮಾಡಿ, ವರ್ಗಕ್ಕೆ ಇಬ್ಬರು.

ಆ ಊರುಗಳಲ್ಲಿ ಒಬ್ಬ ಫೀಲ್ಡ್‌ಮನ್ ಇರುತ್ತಾರೆ. ವರ್ಷದ ಕೊನೆಗೆ ಬಂದು "ಎಷ್ಟು ಖರ್ಚಾಯಿತು" ಎಂದು ಕೇಳುವ ಕ್ರಮ ಇಲ್ಲಿಲ್ಲ, ಏಕೆಂದರೆ ನಾಟಿಗೆ ಎಷ್ಟು ಆಳು ಬಂದಿದ್ದರು ಎಂಬುದು ಸುಗ್ಗಿಯ ಹೊತ್ತಿಗೆ ಯಾರಿಗೂ ಸರಿಯಾಗಿ ನೆನಪಿರುವುದಿಲ್ಲ. ಹಾಗಾಗಿ ಬೆಳೆ ನಡೆಯುತ್ತಿರುವಾಗಲೇ ಬರೆಯುತ್ತಾರೆ: ಕಳೆ ಕೀಳಲು ಎಷ್ಟು ಹೆಣ್ಣಾಳು, ಎಷ್ಟು ಗಂಟೆ, ಕೂಲಿಯ ಜೊತೆ ಊಟ ಕೊಟ್ಟರೇ, ಟ್ರ್ಯಾಕ್ಟರ್ ಬಾಡಿಗೆಯೋ ಸ್ವಂತದ್ದೋ, ತಿಪ್ಪೆಯಿಂದ ಎಷ್ಟು ಗಾಡಿ ಗೊಬ್ಬರ ಹೋಯಿತು, ಕೊನೆಗೆ ಹುಲ್ಲು ಎಷ್ಟಕ್ಕೆ ಮಾರಿತು. ಹುಲ್ಲಿನ ಬೆಲೆಯನ್ನೂ ಬಿಡುವಂತಿಲ್ಲ, ಭತ್ತದ ಖರ್ಚಿನಿಂದ ಅದನ್ನು ಕಳೆಯಬೇಕು.

ಈ ನೋಟ್‌ಪುಸ್ತಕಗಳಿಂದ ಹಲವು ಬಗೆಯ ವೆಚ್ಚ ಹುಟ್ಟುತ್ತವೆ. ಕೈಯಿಂದ ಕೊಟ್ಟ ಖರ್ಚು, ಗೇಣಿ ಕೊಟ್ಟಿದ್ದರೆ ಅದೂ ಸೇರಿ, ಎ2. ಮನೆಯವರ ದುಡಿಮೆಗೆ ಕೂಲಿ ಕಟ್ಟಿದರೆ ಅದು ಎಫ್‌ಎಲ್. ಇವೆರಡರ ಮೇಲೆ ಸ್ವಂತ ಜಮೀನಿನ ಬಾಡಿಗೆ, ಸ್ವಂತ ಬಂಡವಾಳದ ಬಡ್ಡಿ ಕೂಡಿಸಿದರೆ ಸಿ2. ಬೇರೆಯವರ ಜಮೀನು ಮಾಡಿದ್ದರೆ ಗೇಣಿ ಕೊಡಬೇಕಿತ್ತಲ್ಲ, ಸ್ವಂತದ್ದಾದ ಮಾತ್ರಕ್ಕೆ ಅದು ಪುಕ್ಕಟೆಯೇ ಎಂಬುದು ಸಿ2 ಹಿಂದಿನ ಪ್ರಶ್ನೆ.

2018-19ರ ಮುಂಗಾರಿಗೆ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ ಅಂದಾಜಿಸಿದ ಎ2+ಎಫ್‌ಎಲ್ ವೆಚ್ಚ ಕ್ವಿಂಟಲ್ ಭತ್ತಕ್ಕೆ ₹1,166. ಸಿ2 ₹1,560. ಘೋಷಣೆಯಾದ ಬೆಂಬಲ ಬೆಲೆ ₹1,750. ಮೊದಲನೆಯದಕ್ಕೆ ಹೋಲಿಸಿದರೆ ಇದು ಶೇ 50 ಹೆಚ್ಚು, ಎರಡನೆಯದಕ್ಕೆ ಹೋಲಿಸಿದರೆ ಶೇ 12 ಮಾತ್ರ. "ಒಂದೂವರೆ ಪಟ್ಟು ಕೊಟ್ಟಿದ್ದೇವೆ", "ಕೊಟ್ಟಿಲ್ಲ" ಎಂಬ ಜಗಳದ ಬೇರು ಇಷ್ಟೇ. ಇನ್ನೊಂದು ಸಮಸ್ಯೆಯೂ ಉಂಟು. ನೋಟ್‌ಪುಸ್ತಕದ ಅಂಕಿಗಳು ಒಟ್ಟಾಗಿ, ಪರಿಶೀಲನೆಯಾಗಿ ಬರುವಷ್ಟರಲ್ಲಿ ವರ್ಷಗಳು ಕಳೆದಿರುತ್ತವೆ. ಆದ್ದರಿಂದ ಆಯೋಗ ಹಿಂದಿನ ವರ್ಷಗಳ ವೆಚ್ಚವನ್ನು ಮುಂದಕ್ಕೆ ಎಳೆದು ಅಂದಾಜು ಮಾಡುತ್ತದೆ. ಡೀಸೆಲ್ಲೋ ಕೂಲಿಯೋ ಏಕಾಏಕಿ ಏರಿದ ವರ್ಷ ಅಂದಾಜು ಹಿಂದೆ ಬೀಳುತ್ತದೆ.

ಸಬ್ಸಿಡಿಗೆ ಬಣ್ಣ ಬಳಿಯುವುದು

ಈಗ ₹1,750 ಜಿನೀವಾಕ್ಕೆ ಹೊರಡುತ್ತದೆ. ವಿಶ್ವ ವ್ಯಾಪಾರ ಸಂಸ್ಥೆಯ ಕೃಷಿ ಒಪ್ಪಂದ 1995ರ ಜನವರಿ 1ರಿಂದ ಜಾರಿಯಲ್ಲಿದೆ. ಮಾರುಕಟ್ಟೆ ಪ್ರವೇಶ, ದೇಶದೊಳಗಿನ ನೆರವು, ರಫ್ತು ನೆರವು ಎಂದು ಅದಕ್ಕೆ ಮೂರು ಕಾಲು. ಭತ್ತದ ಬೆಂಬಲ ಬೆಲೆ ಬರುವುದು ಎರಡನೆಯದರಲ್ಲಿ.

ದೇಶದೊಳಗಿನ ನೆರವನ್ನು ಬಣ್ಣದ ಪೆಟ್ಟಿಗೆಗಳಾಗಿ ವಿಂಗಡಿಸಿದ್ದಾರೆ. ಹಸಿರು ಪೆಟ್ಟಿಗೆಯಲ್ಲಿ ಸಂಶೋಧನೆ, ರೋಗ ನಿಯಂತ್ರಣ, ತರಬೇತಿ, ಯಾವ ಬೆಳೆಗೂ ಗಂಟು ಹಾಕದ ನೇರ ಹಣ ಇವೆಲ್ಲ ಬರುತ್ತವೆ. ಇವುಗಳಿಂದ ವ್ಯಾಪಾರ ಕೆಡುವುದು ತೀರ ಕಡಿಮೆ ಎಂದು ಮಿತಿ ಹಾಕಿಲ್ಲ. ಉತ್ಪಾದನೆಗೆ ಕಡಿವಾಣ ಹಾಕುವ ಷರತ್ತಿನ ಮೇಲೆ ಕೊಡುವ ಹಣ ನೀಲಿ. ಬೆಲೆಗೆ, ಬೆಳೆಗೆ ನೇರ ತಗಲುವಂಥದ್ದು ಆಂಬರ್, ಅಂದರೆ ಸಿಗ್ನಲ್ಲಿನ ಹಳದಿ ದೀಪ: ಹೋಗಬಹುದು, ಆದರೆ ಮಿತಿ ಉಂಟು. ಇವುಗಳ ಜೊತೆ ಅಭಿವೃದ್ಧಿಶೀಲ ದೇಶಗಳಿಗೆ 6.2ನೇ ವಿಧಿಯ ರಿಯಾಯಿತಿ ಇದೆ, ಬಡ ರೈತರಿಗೆ ಕೊಡುವ ಗೊಬ್ಬರ, ನೀರಾವರಿ, ವಿದ್ಯುತ್ ಸಬ್ಸಿಡಿಯನ್ನು ಭಾರತ ಇಲ್ಲಿ ತೋರಿಸುತ್ತದೆ.

ಬೆಂಬಲ ಬೆಲೆಗೆ ಕೊಳ್ಳುವುದು ಹಳದಿ ಪೆಟ್ಟಿಗೆಯದು. ಅಲ್ಲಿ ಭಾರತಕ್ಕಿರುವ ಅವಕಾಶ ಒಂದೊಂದು ಬೆಳೆಯ ಒಟ್ಟು ಉತ್ಪಾದನಾ ಮೌಲ್ಯದ ಶೇ 10. ಶ್ರೀಮಂತ ದೇಶಗಳಿಗೆ ಇದು ಶೇ 5. ಮೇಲ್ನೋಟಕ್ಕೆ ನಮಗೇ ಹೆಚ್ಚು ಸಡಿಲ ಎನಿಸುತ್ತದೆ. ಆದರೆ 1980ರ ದಶಕದಲ್ಲಿ ಭಾರಿ ಸಬ್ಸಿಡಿ ಕೊಡುತ್ತಿದ್ದ ದೇಶಗಳು ಅದನ್ನು ಒಂದಿಷ್ಟು ಇಳಿಸಲು ಒಪ್ಪಿ, ಉಳಿದದ್ದನ್ನು ಹಕ್ಕಾಗಿ ಇಟ್ಟುಕೊಂಡವು. ಅಮೆರಿಕಕ್ಕೆ ಆ ಶೇ 5ರ ಆಚೆಗೆ ವರ್ಷಕ್ಕೆ 1,910 ಕೋಟಿ ಡಾಲರ್‌ವರೆಗೆ ಅವಕಾಶ ಹೀಗೆ ಉಳಿಯಿತು. ಭಾರತಕ್ಕೆ ಶೇ 10 ಬಿಟ್ಟರೆ ಬೇರೆ ಜಾಗವಿಲ್ಲ.

ಹಳದಿ ಪೆಟ್ಟಿಗೆಯ ಲೆಕ್ಕದ ಸೂತ್ರ ಎರಡು ಸಾಲಿನದು. ಸರ್ಕಾರದ ಬೆಲೆಯಿಂದ ಒಂದು ನಿಗದಿತ ವಿದೇಶಿ ಆಧಾರ ಬೆಲೆಯನ್ನು ಕಳೆಯಿರಿ. ಉಳಿದದ್ದನ್ನು ಅರ್ಹ ಪ್ರಮಾಣದಿಂದ ಗುಣಿಸಿ. ಸರ್ಕಾರ ನಿಜವಾಗಿ ಎಷ್ಟು ಹಣ ಖರ್ಚು ಮಾಡಿತು ಎಂಬ ಪ್ರಶ್ನೆ ಈ ಸೂತ್ರದಲ್ಲಿ ಎಲ್ಲೂ ಇಲ್ಲ. ಹೆಚ್ಚಿನವರು ಎಡವುವುದು ಇಲ್ಲಿಯೇ.

ಒಂದೇ ಅಕ್ಕಿ, ನಾಲ್ಕು ಉತ್ತರ

ದುಂಡು ಅಂಕಿಗಳಲ್ಲಿ ಮಾಡಿ ನೋಡೋಣ. ಕ್ವಿಂಟಲ್ ಭತ್ತ ಮಿಲ್ಲಿಗೆ ಹೋದರೆ ಸರ್ಕಾರದ ಲೆಕ್ಕದಲ್ಲಿ 67 ಕಿಲೋ ಬೆಳ್ತಿಗೆ ಅಕ್ಕಿ. ₹1,750ನ್ನು 0.67ರಿಂದ ಭಾಗಿಸಿದರೆ ಕ್ವಿಂಟಲ್ ಅಕ್ಕಿಗೆ ₹2,612, ಟನ್ನಿಗೆ ₹26,120. ಆ ವರ್ಷ ಡಾಲರಿಗೆ ಸರಾಸರಿ ಸುಮಾರು ₹70. ಅಂದರೆ ಟನ್ನಿಗೆ 373 ಡಾಲರ್.

ಭಾರತ ಬಳಸುವ ಆಧಾರ ಬೆಲೆ 1986-88ರದು, ಟನ್ ಅಕ್ಕಿಗೆ 262.51 ಡಾಲರ್. ವ್ಯತ್ಯಾಸ ಸುಮಾರು 110.6 ಡಾಲರ್. ಸರ್ಕಾರ ಆ ವರ್ಷ ಕೊಂಡದ್ದು ಸುಮಾರು 4.44 ಕೋಟಿ ಟನ್ ಅಕ್ಕಿ. ಗುಣಿಸಿದರೆ 490 ಕೋಟಿ ಡಾಲರಿನ ಆಸುಪಾಸು. ಭಾರತ ಡಬ್ಲ್ಯುಟಿಒಗೆ ಸಲ್ಲಿಸಿದ ಅಧಿಕೃತ ಲೆಕ್ಕದಲ್ಲಿ ಇದು 500 ಕೋಟಿ ಡಾಲರ್, ದೇಶದ ಅಕ್ಕಿಯ ಒಟ್ಟು ಮೌಲ್ಯ 4,367 ಕೋಟಿ ಡಾಲರ್. ಪಾಲು ಶೇ 11.46. ಮಿತಿ ಶೇ 10 ಆದ್ದರಿಂದ ದಾಟಿತು.

ಈಗ ಒಂದೊಂದೇ ಆಯ್ಕೆ ಬದಲಿಸಿ. "ಅರ್ಹ ಪ್ರಮಾಣ" ಎಂದರೆ ಸರ್ಕಾರ ಕೊಂಡ ಅಕ್ಕಿಯೋ, ಸರ್ಕಾರ ಕೊಳ್ಳಬಹುದಾಗಿದ್ದ ಅಕ್ಕಿಯೋ? ಬೆಂಬಲ ಬೆಲೆ ಯಾವ ರೈತ ಭತ್ತ ತಂದರೂ ಸಿಗಬೇಕಾದದ್ದು, ಹಾಗಾಗಿ ಬೆಳೆದದ್ದೆಲ್ಲ ಅರ್ಹ ಎಂಬುದು ಒಂದು ವಾದ. ಆ ವರ್ಷದ ಉತ್ಪಾದನೆ ಸುಮಾರು 11.65 ಕೋಟಿ ಟನ್. ಹಾಗೆ ಗುಣಿಸಿದರೆ ಪಾಲು ಶೇ 29 ದಾಟುತ್ತದೆ.

ಲೆಕ್ಕ ಡಾಲರಿನಲ್ಲೋ, ರೂಪಾಯಿಯಲ್ಲೋ? 1986-88ರಲ್ಲಿ ಡಾಲರಿಗೆ ₹13 ಚಿಲ್ಲರೆ ಇತ್ತು. ಅದರಂತೆ ರೂಪಾಯಿಯ ಆಧಾರ ಬೆಲೆ ಟನ್ನಿಗೆ ₹3,520. ಇದನ್ನು ₹26,120ರಿಂದ ಕಳೆದರೆ ₹22,600 ಉಳಿಯುತ್ತದೆ. ಸರ್ಕಾರ ಕೊಂಡ ಅಕ್ಕಿಗಷ್ಟೇ ಗುಣಿಸಿದರೂ ಪಾಲು ಶೇ 33ರ ಹತ್ತಿರ. ಎರಡೂ ಆಯ್ಕೆಯನ್ನು ಒಟ್ಟಿಗೆ ಬದಲಿಸಿದರೆ, ಅಂದರೆ ರೂಪಾಯಿ ಲೆಕ್ಕ ಮತ್ತು ಪೂರ್ತಿ ಬೆಳೆ, ಶೇ 86!

ಅದೇ ಭತ್ತ, ಅದೇ ವರ್ಷ, ಅದೇ ₹1,750. ಉತ್ತರ ಮಾತ್ರ 11, 29, 33, 86. ಇದು ಬರೀ ಕಾಗದದ ಆಟವಲ್ಲ. 2018ರ ಮೇ ತಿಂಗಳಲ್ಲಿ ಅಮೆರಿಕ ಡಬ್ಲ್ಯುಟಿಒ ಕೃಷಿ ಸಮಿತಿಗೆ ಭಾರತದ ಬಗ್ಗೆ ಪ್ರತಿ ಲೆಕ್ಕವೊಂದನ್ನು ಸಲ್ಲಿಸಿ, 2010-11ರಿಂದ 2013-14ರ ನಡುವೆ ಭಾರತದ ಅಕ್ಕಿ ನೆರವು ಮೌಲ್ಯದ ಶೇ 70ಕ್ಕೂ ಮೇಲಿತ್ತು ಎಂದಿತು. ಅದು ಹಿಡಿದ ದಾರಿ ಇದೇ ಕೊನೆಯದು.

ಅರ್ಹ ಪ್ರಮಾಣದ ವಾದಕ್ಕೆ ಹಿನ್ನೆಲೆ ಇದೆ. ಕೊರಿಯಾದ ದನದ ಮಾಂಸದ ವ್ಯಾಜ್ಯದಲ್ಲಿ ಡಬ್ಲ್ಯುಟಿಒ ಮೇಲ್ಮನವಿ ಮಂಡಳಿ, ನಿಗದಿತ ಬೆಲೆ ಪಡೆಯಲು ಹಕ್ಕಿರುವ ಪ್ರಮಾಣವನ್ನು ಎಣಿಸಬೇಕು, ನಿಜವಾಗಿ ಕೊಂಡದ್ದನ್ನಲ್ಲ ಎಂದಿತ್ತು. ಸರ್ಕಾರ ಮೊದಲೇ "ಇಷ್ಟೇ ಟನ್ ಕೊಳ್ಳುತ್ತೇವೆ" ಎಂದು ಸಾರಿದ್ದರೆ ಮಾತ್ರ ಆ ಮಿತಿಯೇ ಅರ್ಹ ಪ್ರಮಾಣ. ಇತ್ತ ಭಾರತದ ಪರ ವಾದಕ್ಕೂ ನೆಲೆ ಇದೆ. ವಿಪರೀತ ಹಣದುಬ್ಬರವನ್ನು ಗಮನಕ್ಕೆ ತೆಗೆದುಕೊಳ್ಳಬೇಕು ಎಂದು ಒಪ್ಪಂದದ 18.4ನೇ ವಿಧಿಯೇ ಹೇಳುತ್ತದೆ. ಯಾವ ನಾಣ್ಯದಲ್ಲಿ ಲೆಕ್ಕ ಕೊಡಬೇಕು ಎಂಬುದನ್ನು ಒಪ್ಪಂದ ಬಿಡಿಸಿ ಹೇಳಿಲ್ಲ.

1986ರ ಬೆಲೆ ಇನ್ನೂ ಯಾಕೆ ಬದುಕಿದೆ

ಮೂವತ್ತು ವರ್ಷಕ್ಕೂ ಹಳೆಯ ಬೆಲೆಯ ಜೊತೆ ಇಂದಿನ ಬೆಲೆಯನ್ನು ಹೋಲಿಸುವುದು, 1987ರಲ್ಲಿ ಕಾಫಿ ಎಷ್ಟಿತ್ತು ಎಂದು ಇವತ್ತಿನ ಹೋಟೆಲ್ ಬಿಲ್ ಜೊತೆ ಜಗಳ ತೆಗೆದಂತೆ. ಇದು ಹೇಗೆ ಒಪ್ಪಂದದೊಳಗೆ ಬಂತು ಎಂಬುದರಲ್ಲಿ ವಿಶ್ವವಿದ್ಯಾಲಯದ ಒಂದು ವಿಚಾರ ಕಾನೂನಾಗಿ ಬದಲಾಗುವ ಕಥೆಯಿದೆ.

ಬ್ರಿಟಿಷ್ ಮೂಲದ ಕೃಷಿ ಅರ್ಥಶಾಸ್ತ್ರಜ್ಞ ಟಿಮ್ ಜಾಸ್ಲಿಂಗ್ 1970ರ ದಶಕದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಗಾಗಿ ಒಂದು ಅಳತೆಗೋಲು ರೂಪಿಸಿದರು. ಮುಂದೆ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಪ್ರಾಧ್ಯಾಪಕರಾಗಿದ್ದರು. ಒಂದು ದೇಶ ರೈತನಿಗೆ ಸುಂಕದ ಮೂಲಕ ನೆರವಾಗುತ್ತದೆ, ಇನ್ನೊಂದು ಖರೀದಿಯ ಮೂಲಕ, ಮತ್ತೊಂದು ನಗದಿನ ಮೂಲಕ. ಇವನ್ನೆಲ್ಲ ಒಂದೇ ತಕ್ಕಡಿಗೆ ಹಾಕಿ, ಒಟ್ಟು ಎಷ್ಟು ನಗದಿಗೆ ಸಮ ಎಂದು ಹೇಳಬಹುದೇ? ಉತ್ಪಾದಕರ ಸಬ್ಸಿಡಿ ಸಮಾನಾಂಕ ಎಂಬ ಆ ಕಲ್ಪನೆಯನ್ನು 1980ರ ದಶಕದಲ್ಲಿ ಶ್ರೀಮಂತ ರಾಷ್ಟ್ರಗಳ ಒಕ್ಕೂಟವಾದ ಒಇಸಿಡಿ ಎತ್ತಿಕೊಂಡಿತು. ಅಲ್ಲಿಂದ ಅದು 1986ರಲ್ಲಿ ಶುರುವಾಗಿದ್ದ, ಮುಂದೆ ಡಬ್ಲ್ಯುಟಿಒ ಹುಟ್ಟಿಗೆ ಕಾರಣವಾದ ಉರುಗ್ವೆ ಸುತ್ತಿನ ವ್ಯಾಪಾರ ಮಾತುಕತೆಗೆ ನಡೆಯಿತು. ಆದರೆ ಮಾತುಕತೆಗೆ ಕೂತವರಿಗೆ ಪ್ರತಿ ವರ್ಷ ಜಾಗತಿಕ ಬೆಲೆಯ ಜೊತೆ ಕುಣಿಯುವ ಅಳತೆ ಬೇಡವಾಗಿತ್ತು. ತಮ್ಮ ಕೈಯಲ್ಲಿರುವುದು ಸ್ವಂತ ನೀತಿ ಮಾತ್ರ, ವಿಶ್ವ ಬೆಲೆಯಲ್ಲ ಎಂಬ ಕಾರಣಕ್ಕೆ ಆಧಾರ ಬೆಲೆಯನ್ನು 1986-88ರ ಸರಾಸರಿಗೆ ಕಟ್ಟಿಹಾಕಿದರು.

ಡಬ್ಲ್ಯುಟಿಒಗೆ ಮೊದಲಿದ್ದ ಗ್ಯಾಟ್ ವ್ಯವಸ್ಥೆಯ ಮಹಾ ನಿರ್ದೇಶಕ ಆರ್ಥರ್ ಡಂಕೆಲ್ 1991ರ ಡಿಸೆಂಬರ್‌ನಲ್ಲಿ ಮುಂದಿಟ್ಟ ಕರಡು ಕರ್ನಾಟಕಕ್ಕೆ ಚೆನ್ನಾಗಿ ಗೊತ್ತು. 1992ರ ಡಿಸೆಂಬರ್‌ನಲ್ಲಿ ಬೀಜ ಮಾರುತ್ತಿದ್ದ ಬಹುರಾಷ್ಟ್ರೀಯ ಕಂಪನಿ ಕಾರ್ಗಿಲ್‌ನ ಬೆಂಗಳೂರು ಕಚೇರಿಗೆ ರೈತ ಸಂಘದವರು ನುಗ್ಗಿದ್ದರು. ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ನಾಯಕತ್ವದ ಆ ಹೋರಾಟದಲ್ಲಿ ಗಟ್ಟಿಯಾಗಿ ಕೇಳಿಸಿದ್ದು ಬೀಜದ ಹಕ್ಕಿನ ಪ್ರಶ್ನೆ. ಸಬ್ಸಿಡಿಯ ಆಧಾರ ವರ್ಷಗಳೂ ಅದೇ ಕರಡಿನಲ್ಲಿದ್ದವು. ಅದರ ಬಿಸಿ ತಟ್ಟಿದ್ದು ಕಾಲು ಶತಮಾನ ಕಳೆದ ಮೇಲೆ.

ಜಾಸ್ಲಿಂಗ್ ದಾರಿಯ ಮೂಲ ಅಳತೆಯನ್ನು ಇಂದಿಗೂ ಒಇಸಿಡಿ ಆಯಾ ವರ್ಷದ ಗಡಿ ಬೆಲೆಯಿಂದ ಲೆಕ್ಕ ಹಾಕುತ್ತದೆ. ದೆಹಲಿಯ ಇಕ್ರಿಯರ್ ಸಂಸ್ಥೆಯ ಜೊತೆಗೂಡಿ 2018ರಲ್ಲಿ ಹೊರತಂದ ಅದರ ವರದಿಯಲ್ಲಿ 2000-01ರಿಂದ 2016-17ರವರೆಗೆ ಭಾರತದ ರೈತರಿಗೆ ಸಿಕ್ಕ ನೆರವು ಸರಾಸರಿ ಅವರ ಒಟ್ಟು ಕೃಷಿ ಆದಾಯದ ಮೈನಸ್ ಶೇ 14. ಗೊಬ್ಬರ, ವಿದ್ಯುತ್ ಸಬ್ಸಿಡಿ ಎಲ್ಲ ಸೇರಿಸಿದ ಮೇಲೂ ಮೈನಸ್. ರಫ್ತು ನಿಷೇಧ, ದಾಸ್ತಾನು ಮಿತಿಯಂಥ ಕ್ರಮಗಳಿಂದ ದೇಶದೊಳಗಿನ ಬೆಲೆ ವಿಶ್ವ ಬೆಲೆಗಿಂತ ಕೆಳಗೆ ಉಳಿದದ್ದು ಮುಖ್ಯ ಕಾರಣ. ಟಿವಿ ಚರ್ಚೆಯ ಇಬ್ಬರ ಕೈಯಲ್ಲಿದ್ದ ಅಂಕಿಗಳು ಇವೇ: ಒಂದು ನಿಂತ ಗಡಿಯಾರದ್ದು, ಇನ್ನೊಂದು ನಡೆಯುವ ಗಡಿಯಾರದ್ದು.

ಮಿತಿ ದಾಟಿದರೆ

2018-19ರಲ್ಲಿ ಅಕ್ಕಿಯ ಮಿತಿ ದಾಟಿದಾಗ ಭಾರತ ಬಾಲಿ ಶಾಂತಿ ವಿಧಿಯ ಮೊರೆ ಹೋಯಿತು. 2013ರ ಡಿಸೆಂಬರ್‌ನಲ್ಲಿ ಇಂಡೊನೇಷ್ಯಾದ ಬಾಲಿಯಲ್ಲಿ ಒಪ್ಪಿಕೊಂಡ ಈ ಏರ್ಪಾಡಿನ ಪ್ರಕಾರ, ಆಹಾರ ಭದ್ರತೆಗಾಗಿ ದಾಸ್ತಾನು ಮಾಡುವ ಅಭಿವೃದ್ಧಿಶೀಲ ದೇಶ ಮಿತಿ ದಾಟಿದರೂ ಬೇರೆಯವರು ದೂರು ಕೊಡುವಂತಿಲ್ಲ. ಶಾಶ್ವತ ಪರಿಹಾರ ಸಿಗುವವರೆಗೆ ಇದು ಮುಂದುವರಿಯುತ್ತದೆ ಎಂದು 2014ರ ನವೆಂಬರ್‌ನಲ್ಲಿ ಖಚಿತವಾಯಿತು. ಷರತ್ತುಗಳು ಬಿಗಿ: ಯೋಜನೆ ಬಾಲಿ ತೀರ್ಮಾನದ ದಿನ ಜಾರಿಯಲ್ಲಿ ಇದ್ದಿರಬೇಕು, ಅಂಕಿ ಅಂಶ ಸಕಾಲಕ್ಕೆ ಕೊಡಬೇಕು, ದಾಸ್ತಾನು ಬೇರೆ ದೇಶದ ಮಾರುಕಟ್ಟೆ ಕೆಡಿಸಬಾರದು. ನಂತರದ ವರ್ಷಗಳಲ್ಲೂ ಅಕ್ಕಿ ಮಿತಿ ದಾಟಿತು: 2019-20ರಲ್ಲಿ ಶೇ 13.7, 2020-21ರಲ್ಲಿ ಶೇ 15ರ ಮೇಲೆ.

ಕಬ್ಬಿಗೆ ಈ ರಕ್ಷಣೆ ಸಿಗಲಿಲ್ಲ. ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲ ಹೂಡಿದ ವ್ಯಾಜ್ಯದಲ್ಲಿ 2021ರ ಡಿಸೆಂಬರ್‌ನಲ್ಲಿ ತೀರ್ಪು ಭಾರತದ ವಿರುದ್ಧ ಬಂತು. ಕಬ್ಬಿಗೆ ಕೇಂದ್ರ ಸರ್ಕಾರ ನಿಗದಿ ಮಾಡುವ ಎಫ್‌ಆರ್‌ಪಿ ಎಂಬ ಬೆಲೆಯನ್ನು ಕೊಡುವುದು ಕಾರ್ಖಾನೆಗಳು, ಸರ್ಕಾರದ ಹಣವಲ್ಲ ಎಂಬ ವಾದವನ್ನು ಸಮಿತಿ ಒಪ್ಪಲಿಲ್ಲ. ಸೂತ್ರದಲ್ಲಿ ಖರ್ಚಿನ ಪ್ರಶ್ನೆಯೇ ಇಲ್ಲ ಎಂದದ್ದು ಇದಕ್ಕೇ. ಭಾರತ ಮೇಲ್ಮನವಿ ಸಲ್ಲಿಸಿದೆ. 2019ರ ಡಿಸೆಂಬರ್‌ನಿಂದ ಸಾಕಷ್ಟು ಸದಸ್ಯರಿಲ್ಲದೆ ಮೇಲ್ಮನವಿ ಮಂಡಳಿ ಕೆಲಸ ನಿಲ್ಲಿಸಿರುವುದರಿಂದ ಪ್ರಕರಣ ಅಲ್ಲೇ ನಿಂತಿತು. ಮಂಡ್ಯ, ಬೆಳಗಾವಿಯ ಕಬ್ಬಿನ ಬಿಲ್ಲಿಗೂ ಈ ಸೂತ್ರಕ್ಕೂ ನಂಟು ಇರುವುದು ಹೀಗೆ.

ಸುಂಕ: ಕಾಗದದ ದರ, ಬಂದರಿನ ದರ

ಸುಂಕದಲ್ಲಿ ಎರಡು ದರ ಇರುತ್ತವೆ. ಇದಕ್ಕಿಂತ ಮೇಲೆ ಹೋಗೆನು ಎಂದು ಡಬ್ಲ್ಯುಟಿಒಗೆ ಬರೆದುಕೊಟ್ಟದ್ದು ಬದ್ಧ ದರ. ಬಂದರಿನಲ್ಲಿ ನಿಜವಾಗಿ ವಸೂಲಾಗುವುದು ಅನ್ವಯ ದರ. ಸೊಸೈಟಿಯಲ್ಲಿ ಸಾಲದ ಮಿತಿ ಒಂದು, ನೀವು ತೆಗೆದುಕೊಂಡ ಸಾಲ ಇನ್ನೊಂದು ಇರುವಂತೆ. ತಾಳೆ ಎಣ್ಣೆಗೆ ಭಾರತದ ಬದ್ಧ ದರ ಶೇ 300, ಸೋಯಾ ಎಣ್ಣೆಗೆ ಶೇ 45 ಮಾತ್ರ. ಒಂದಕ್ಕೆ ಸುಂಕ ಏರಿಸುತ್ತ ಹೋದರೆ ಇನ್ನೊಂದು ಆಮದಾಗಿ ಬರುತ್ತದೆ, ಏಕೆಂದರೆ ಎಣ್ಣೆಗೆ ಎಣ್ಣೆ ಬದಲಿ.

ಬಂದರಿನ ದರವೂ ಹಲವು ಪದರದ್ದು. 2024ರ ಸೆಪ್ಟೆಂಬರ್‌ನಲ್ಲಿ ಕಚ್ಚಾ ತಾಳೆ ಎಣ್ಣೆಗೆ ಮೂಲ ಸುಂಕ ಶೇ 20 ಆಯಿತು. ಅದಕ್ಕೆ ಕೃಷಿ ಮೂಲಸೌಕರ್ಯ ಸೆಸ್ ಶೇ 5, ಎರಡರ ಮೊತ್ತದ ಮೇಲೆ ಶೇ 10 ಸಮಾಜ ಕಲ್ಯಾಣ ಸರ್ಚಾರ್ಜ್, ಅಂದರೆ 2.5. ಒಟ್ಟು ಶೇ 27.5. 2025ರ ಮೇ ಕೊನೆಯಲ್ಲಿ ಮೂಲ ಸುಂಕವನ್ನು ಶೇ 10ಕ್ಕೆ ಇಳಿಸಿದಾಗ ಒಟ್ಟು ಶೇ 16.5 ಆಯಿತು. ಸುದ್ದಿಯಲ್ಲಿ ಒಮ್ಮೆ 20, ಒಮ್ಮೆ 27.5 ಎಂದು ಕಂಡರೆ ಎರಡೂ ಸರಿ, ಎಣಿಸಿದ ಪದರ ಬೇರೆ.

ಒಂದು ನೀತಿ ಕೆಲಸ ಮಾಡಿತೇ? ಕರಿಮೆಣಸಿನ ಪರೀಕ್ಷೆ

ಸಂಶೋಧನಾ ವಿದ್ಯಾರ್ಥಿ ಈ ಕ್ಷೇತ್ರದಲ್ಲಿ ನಿಜವಾಗಿ ಏನು ಮಾಡುತ್ತಾರೆ ಎಂಬುದಕ್ಕೆ ಕೊಡಗು, ಹಾಸನ, ಚಿಕ್ಕಮಗಳೂರಿನ ಕರಿಮೆಣಸಿಗಿಂತ ಒಳ್ಳೆಯ ಉದಾಹರಣೆ ಸಿಗದು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಿಲೋಗೆ ₹500 ಕನಿಷ್ಠ ಆಮದು ಬೆಲೆ ನಿಗದಿ ಮಾಡಿತು. ಶ್ರೀಲಂಕಾದ ಜೊತೆ 2000ದಿಂದ ಜಾರಿಯಲ್ಲಿರುವ ಮುಕ್ತ ವ್ಯಾಪಾರ ಒಪ್ಪಂದದಡಿ ವರ್ಷಕ್ಕೆ 2,500 ಟನ್ ಮೆಣಸು ಸುಂಕವಿಲ್ಲದೆ ಬರಬಹುದು. ವಿಯೆಟ್ನಾಂ ಮೆಣಸು ಶ್ರೀಲಂಕಾದ ಹೆಸರಿನಲ್ಲಿ ಬರುತ್ತಿದೆ ಎಂಬುದು ಬೆಳೆಗಾರರ ದೂರಾಗಿತ್ತು. ಸರಕು ನಿಜವಾಗಿ ಯಾವ ದೇಶದಲ್ಲಿ ಬೆಳೆದದ್ದು ಎಂದು ತೀರ್ಮಾನಿಸುವ ಷರತ್ತುಗಳಿಗೆ ಮೂಲ ನಿಯಮಗಳು ಎನ್ನುತ್ತಾರೆ.

₹500ರ ಈ ನಿಯಮದಿಂದ ಬೆಳೆಗಾರನಿಗೆ ಲಾಭವಾಯಿತೇ? ಮೊದಲಿನ ಬೆಲೆ, ಆಮೇಲಿನ ಬೆಲೆ ನೋಡಿದರೆ ಸಾಲದು. ಅದೇ ಹೊತ್ತಿಗೆ ವಿಯೆಟ್ನಾಂ ಉತ್ಪಾದನೆ ಏರಿ ಲೋಕದೆಲ್ಲೆಡೆ ಬೆಲೆ ಕುಸಿಯುತ್ತಿತ್ತು. ನಿಯಮ ಬಂದ ಮೇಲೂ ಬೆಲೆ ಇಳಿದಿದ್ದರೆ ಅದು ವಿಫಲವಾಯಿತು ಎನ್ನಲಾಗದು. ಅದಿಲ್ಲದಿದ್ದರೆ ಇನ್ನೂ ಇಳಿಯುತ್ತಿತ್ತೋ ಏನೋ. ಗದ್ದೆಯಲ್ಲಿ ಹೊಸ ಗೊಬ್ಬರ ಪರೀಕ್ಷಿಸುವಾಗ ಪಕ್ಕದ ತಾಕನ್ನು ಹಾಗೆಯೇ ಬಿಟ್ಟು ಎರಡನ್ನೂ ಹೋಲಿಸುತ್ತೇವಲ್ಲ, ಇಲ್ಲಿಯೂ ಅಂಥ "ಪಕ್ಕದ ತಾಕು" ಹುಡುಕಬೇಕು: ನಿಯಮ ತಟ್ಟದ ಇನ್ನೊಂದು ಸಾಂಬಾರ ಪದಾರ್ಥ, ಅಥವಾ ಅಂಥ ನಿಯಮವಿಲ್ಲದ ದೇಶದ ಮೆಣಸಿನ ಬೆಲೆ. ಎರಡರ ಅಂತರ ನಿಯಮಕ್ಕೆ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂಬುದೇ ಉತ್ತರ. ಒಳ್ಳೆಯ ಪಕ್ಕದ ತಾಕು ಸಿಕ್ಕರೆ ಅರ್ಧ ಪ್ರಬಂಧ ಮುಗಿದಂತೆ. ಸಿಗದಿದ್ದರೆ ಎಂಥ ಗಣಿತವೂ ಅದನ್ನು ಉಳಿಸದು.

ಅಂಕಿಗಳಲ್ಲಿ ಹೊಂಡಗಳೂ ಉಂಟು. ಆಮದಿನ ಮೌಲ್ಯವನ್ನು ತೂಕದಿಂದ ಭಾಗಿಸಿ ಬೆಲೆ ತೆಗೆಯುವುದು ರೂಢಿ. ಆದರೆ ₹500ರ ಕೆಳಗೆ ತರುವಂತಿಲ್ಲ ಎಂದಾದ ಮೇಲೆ, ₹350ಕ್ಕೆ ಕೊಂಡವನೂ ಬಿಲ್ಲಿನಲ್ಲಿ ₹500 ಎಂದೇ ಬರೆಯಬಹುದು. ಅಂಕಿ ಅಂಶದಲ್ಲಿ ಬೆಲೆ ಏರಿದಂತೆ ಕಾಣುತ್ತದೆ, ಮಾರುಕಟ್ಟೆಯಲ್ಲಿ ಏರಿರುವುದಿಲ್ಲ. ಇದನ್ನು ಹಿಡಿಯಲು ಕನ್ನಡಿ ಪರೀಕ್ಷೆ ಮಾಡುತ್ತಾರೆ: ಭಾರತ ಬರೆದ ಆಮದಿನ ಎದುರು ಆ ದೇಶ ಬರೆದ ರಫ್ತನ್ನು ಇಡುವುದು. ಆಗಲೂ ಎಚ್ಚರ ಬೇಕು. ರಫ್ತನ್ನು ಹಡಗು ಹತ್ತಿಸುವವರೆಗಿನ ಬೆಲೆಯಲ್ಲಿ ಬರೆಯುತ್ತಾರೆ, ಆಮದನ್ನು ಸಾಗಣೆ ಮತ್ತು ವಿಮೆ ಸೇರಿಸಿ ಬರೆಯುತ್ತಾರೆ. ಆದ್ದರಿಂದ ಸ್ವಲ್ಪ ವ್ಯತ್ಯಾಸ ಸಹಜ.

ಎಚ್‌ಎಸ್ ಕೋಡ್ ಇನ್ನೊಂದು ಹೊಂಡ. ಲೋಕದ ಎಲ್ಲ ಸರಕಿಗೂ ಆರು ಅಂಕಿಯ ಸಂಖ್ಯೆ ಇದೆ, ಭಾರತ ಅದಕ್ಕೆ ಎರಡು ಸೇರಿಸಿ ಎಂಟು ಮಾಡಿಕೊಂಡಿದೆ. ಅಡಿಕೆ 0802ರಲ್ಲಿ ಬರುತ್ತದೆ. ಅದಕ್ಕೆ ಶೇ 100 ಸುಂಕ, 2023ರ ಫೆಬ್ರವರಿಯಿಂದ ಕಿಲೋಗೆ ₹351 ಕನಿಷ್ಠ ಆಮದು ಬೆಲೆ. ಅದನ್ನೇ ಹುರಿದರೆ 2008 ಎಂಬ ಕೋಡಿಗೆ ಹೋಗುತ್ತದೆ ಎಂಬ ವಾದ ನ್ಯಾಯಾಲಯದವರೆಗೂ ಹೋಯಿತು. 0802 ಒಂದನ್ನೇ ನೋಡಿ "ಅಡಿಕೆ ಆಮದು ನಿಂತಿತು" ಎಂದು ಬರೆದರೆ ತಪ್ಪಾಗುತ್ತದೆ.

ಈ ದಾರಿಗೆ ಬರುವುದು ಹೇಗೆ

ಸಾಮಾನ್ಯ ದಾರಿ ನಾಲ್ಕು ವರ್ಷದ ಬಿಎಸ್ಸಿ ಕೃಷಿ, ಆಮೇಲೆ ಎರಡು ವರ್ಷದ ಎಂಎಸ್ಸಿ ಕೃಷಿ ಅರ್ಥಶಾಸ್ತ್ರ, ಆಮೇಲೆ ಪಿಎಚ್‌ಡಿ. ಬೆಂಗಳೂರಿನ ಜಿಕೆವಿಕೆ, ಧಾರವಾಡ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಅವಕಾಶವಿದೆ. ಐಸಿಎಆರ್ (ಭಾರತೀಯ ಕೃಷಿ ಸಂಶೋಧನಾ ಮಂಡಳಿ) ಅಖಿಲ ಭಾರತ ಪ್ರವೇಶ ಪರೀಕ್ಷೆ ಬರೆದರೆ ಹೊರ ರಾಜ್ಯದ ವಿಶ್ವವಿದ್ಯಾಲಯವೂ ಫೆಲೋಶಿಪ್ಪೂ ಸಿಗಬಹುದು. ಬಿಎ, ಆಮೇಲೆ ಎಂಎ ಅರ್ಥಶಾಸ್ತ್ರ ಮಾಡಿ ಬಂದವರಿಗೆ ಬೆಂಗಳೂರಿನ ನಾಗರಬಾವಿಯಲ್ಲಿರುವ ಐಸೆಕ್‌ನಂಥ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ) ಸಂಸ್ಥೆಗಳಲ್ಲಿ ಪಿಎಚ್‌ಡಿ ಮಾಡುವ ದಾರಿ ಉಂಟು. 1972ರಲ್ಲಿ ವಿ.ಕೆ.ಆರ್.ವಿ. ರಾವ್ ಕಟ್ಟಿದ ಸಂಸ್ಥೆ ಅದು.

ಎರಡೂ ಕಡೆಯಿಂದ ಬರುವವರಿಗೆ ಬೇರೆ ಬೇರೆ ಕೊರತೆ ಇರುತ್ತದೆ. ಬಿಎಸ್ಸಿ ಕೃಷಿಯವರಿಗೆ ಬೆಳೆ ಗೊತ್ತು, ಕ್ಯಾಲ್ಕುಲಸ್ ಮತ್ತು ಸಂಖ್ಯಾಶಾಸ್ತ್ರ ಮರೆತಿರುತ್ತದೆ. ಎಂಎಸ್ಸಿಯ ಮೊದಲ ಸೆಮಿಸ್ಟರಿನ ಇಕನಾಮೆಟ್ರಿಕ್ಸ್‌ನಲ್ಲಿ ಅವರು ತಿಣುಕುವುದು ಇದಕ್ಕೇ. ಅರ್ಥಶಾಸ್ತ್ರದವರಿಗೆ ಗಣಿತ ಬರುತ್ತದೆ, ಆದರೆ ಭತ್ತಕ್ಕೂ ಅಕ್ಕಿಗೂ ನಡುವೆ ಮಿಲ್ಲು ಇದೆ ಎಂಬುದು ಹೊಳೆಯುವುದಿಲ್ಲ. ವ್ಯಾಪಾರ ನೀತಿಗೆ ಇನ್ನೊಂದು ವಿದ್ಯೆಯೂ ಬೇಕು: ಕಾನೂನಿನ ವಾಕ್ಯವನ್ನು ಅಲ್ಪವಿರಾಮ ಸಮೇತ ಓದುವ ತಾಳ್ಮೆ. ಅರ್ಹ ಪ್ರಮಾಣದ ಜಗಳದಲ್ಲಿ ಶೇ 11 ಮತ್ತು 29ರ ನಡುವೆ ನಿಂತಿರುವುದು ಒಂದೇ ಪದ.

ವಿದೇಶದಲ್ಲಿ ಅಮೆರಿಕದ ಪರ್ಡ್ಯೂ, ಡೇವಿಸ್, ಕಾರ್ನೆಲ್, ನೆದರ್‌ಲ್ಯಾಂಡ್ಸ್‌ನ ವಾಗನಿಂಗನ್ ಈ ವಿಷಯಕ್ಕೆ ಹೆಸರಾದವು. ಅಮೆರಿಕದಲ್ಲಿ ಪಿಎಚ್‌ಡಿ ಸುಮಾರು ಐದು ವರ್ಷ. ಮೊದಲ ವರ್ಷದ ಪಾಠ ಮುಗಿದ ಮೇಲೆ ಅರ್ಹತಾ ಪರೀಕ್ಷೆ ಇರುತ್ತದೆ, ಹಲವರು ಹೊರಬೀಳುವುದು ಅಲ್ಲಿಯೇ. ದಾಟಿದವರು ಸಾಮಾನ್ಯವಾಗಿ ಮೂರು ಬಿಡಿ ಲೇಖನಗಳನ್ನು ಸೇರಿಸಿ ಪ್ರಬಂಧ ಮಾಡುತ್ತಾರೆ. ಪರ್ಡ್ಯೂನಲ್ಲಿ 1992ರಿಂದ ನಡೆಯುವ ಜಿಟಿಎಪಿ ಎಂಬ ಲೋಕದ ಆರ್ಥಿಕ ಮಾದರಿಯನ್ನು "ಸುಂಕ ಇಳಿಸಿದರೆ ಯಾರಿಗೆ ಏನು" ಎಂಬ ಪ್ರಶ್ನೆಗೆ ಹಲವು ದೇಶಗಳವರು ಬಳಸುತ್ತಾರೆ. ಮಾದರಿಯ ಉತ್ತರ ಅದರೊಳಗೆ ಹಾಕಿದ ಊಹೆಯಷ್ಟೇ ಗಟ್ಟಿ. ಸುಂಕ ಶೇ 10 ಇಳಿದರೆ ಕೊಳ್ಳುವವರು ಎಷ್ಟು ಬೇಗ ವಿದೇಶಿ ಸರಕಿಗೆ ತಿರುಗುತ್ತಾರೆ ಎಂಬ ಒಂದೇ ಸಂಖ್ಯೆ ಬದಲಿಸಿದರೆ ಲಾಭ ನಷ್ಟದ ಪಟ್ಟಿ ಬದಲಾಗುತ್ತದೆ.

ಕೆಲಸಕ್ಕೆ ಕೃಷಿ ವಿಶ್ವವಿದ್ಯಾಲಯಗಳ ಸಹಾಯಕ ಪ್ರಾಧ್ಯಾಪಕ ಹುದ್ದೆ, ಅದಕ್ಕೆ ಎನ್‌ಇಟಿ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆ. ಐಸಿಎಆರ್ ವಿಜ್ಞಾನಿ ಹುದ್ದೆಗೆ ಎಆರ್‌ಎಸ್ (ಕೃಷಿ ಸಂಶೋಧನಾ ಸೇವೆ) ಪರೀಕ್ಷೆ. ದೆಹಲಿಯಲ್ಲಿ ಐಸಿಎಆರ್‌ನ ಕೃಷಿ ಅರ್ಥಶಾಸ್ತ್ರ ಮತ್ತು ನೀತಿ ಸಂಶೋಧನಾ ಸಂಸ್ಥೆ ಇದೆ, ಮಾತುಕತೆಗೆ ಹೋಗುವ ಅಧಿಕಾರಿಗಳಿಗೆ ಲೆಕ್ಕ ಒದಗಿಸುವ ಡಬ್ಲ್ಯುಟಿಒ ಅಧ್ಯಯನ ಕೇಂದ್ರವೂ ಇದೆ. ಅಲ್ಲಿನ ಕೆಲಸದ ವೇಗ ಬೇರೆ. ಜರ್ನಲ್ ಲೇಖನ ಸಲ್ಲಿಸಿ, ವಿಮರ್ಶಕರ ಆಕ್ಷೇಪಕ್ಕೆ ಉತ್ತರಿಸಿ, ಅಚ್ಚಾಗುವಷ್ಟರಲ್ಲಿ ಒಂದೆರಡು ವರ್ಷ ಸರಿಯುತ್ತದೆ. ಮಾತುಕತೆಯ ಮೇಜಿನಿಂದ ಬರುವ ಪ್ರಶ್ನೆಗೆ ಸಂಜೆಯೊಳಗೆ ಉತ್ತರ ಬೇಕು. ಹಾಗಾಗಿ ಒಳ್ಳೆಯ ಸಂಶೋಧಕರು ಲೆಕ್ಕದ ಹಾಳೆಗಳನ್ನು ಸಿದ್ಧವಾಗಿ ಇಟ್ಟಿರುತ್ತಾರೆ, ಒಂದು ಆಯ್ಕೆ ಬದಲಿಸಿದರೆ ಉತ್ತರ ತಾನೇ ಬದಲಾಗುವ ಹಾಗೆ.

ಈ ವಿಷಯ ತನಗೆ ಹಿಡಿಸುತ್ತದೆಯೇ ಎಂದು ನೋಡಬಯಸುವ ವಿದ್ಯಾರ್ಥಿ ಪ್ರವೇಶ ಪರೀಕ್ಷೆಗೆ ಕಾಯಬೇಕಿಲ್ಲ. ಕೃಷಿ ವೆಚ್ಚ ಆಯೋಗದ ಮುಂಗಾರು ವರದಿ, ದೇಶಗಳು ಡಬ್ಲ್ಯುಟಿಒಗೆ ಸಲ್ಲಿಸಿದ ಲೆಕ್ಕಗಳು, ವಿಶ್ವಸಂಸ್ಥೆಯ ಕಾಮ್‌ಟ್ರೇಡ್ ಎಂಬ ವ್ಯಾಪಾರ ಅಂಕಿ ಅಂಶ ಎಲ್ಲವೂ ಅಂತರ್ಜಾಲದಲ್ಲಿವೆ. ಮೇಲಿನ ಅಕ್ಕಿಯ ಲೆಕ್ಕವನ್ನು ಎಕ್ಸೆಲ್ ಹಾಳೆಯಲ್ಲಿ ತಾವೇ ಮಾಡಲಿ, ಆಮೇಲೆ ಬೇರೆ ವರ್ಷದ್ದು, ಆಮೇಲೆ ಗೋಧಿಯದು. ಮೊದಲ ಸಲ ಮಾಡುವಾಗ ಒಂದು ತಪ್ಪು ಸುಲಭವಾಗಿ ನುಸುಳುತ್ತದೆ. ಭತ್ತದ ₹17,500ನ್ನು 0.67ರಿಂದ ಭಾಗಿಸುವುದನ್ನು ಮರೆತು ನೇರ ಡಾಲರಿಗೆ ಬದಲಿಸಿದರೆ ಟನ್ನಿಗೆ 250 ಡಾಲರ್ ಬರುತ್ತದೆ. ಅದು 262.51ಕ್ಕಿಂತ ಕಡಿಮೆ, ಸಬ್ಸಿಡಿ ಮೈನಸ್. ಜಿನೀವಾದಲ್ಲಿ ಮಿತಿ ದಾಟಿದ ಅಕ್ಕಿ ನಿಮ್ಮ ಹಾಳೆಯಲ್ಲಿ ತೆರಿಗೆ ಕಟ್ಟುತ್ತಿರುವಂತೆ ಕಂಡರೆ, ಮಿಲ್ಲು ಎಲ್ಲಿ ಬಿಟ್ಟುಹೋಯಿತು ಎಂದು ಹುಡುಕಿ.